ಐದು ತುಂಬುವವರೆಗೆ

“ಕೂಸನ್ನ ನಿಮ್ಮ ಕೈಯಾರೆ ಆಕಿ ಉಡ್ಯಾಗ ಹಾಕಿದ್ರೋ ಇಲ್ಲೋ?” ವಕೀಲ ಹನುಮಂತರಾಯರು ಕೇಳಿದರು.

“ಹಾಕಿದೆ ಸರ್.”

“ಯಾರರ ಜಬರ್ದಸ್ತಿ ಮಾಡಿದ್ರೇನು?”

“ಇಲ್ಲ.”

“ಬಾಯಿಬಿಟ್ಟು ಏನಂದ್ರಿ?”

“ಇದು ನನ್ನ ಕೂಸಲ್ಲ ಅಂದೆ. ಮೂರು ಸಲ.”

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ನಮ್ಮವ್ವನೂ ನನ್ನ ಹಿಂಗ ಮಾರಿದ್ಲು ತಂಗಿ. ಒಬ್ಬ ಬಳಿಗಾರಾಕಿಗೆ, ಒಂದು ಮೊರ ನುಚ್ಚಿಗೆ. ಆದ್ರ ಆ ಯವ್ವ ಎಂದೂ ಕೋರ್ಟಿಗೆ ಬಂದು ಈ ವಕೀಲ ನನ್ನ ಮಗ ಅನ್ನಲಿಲ್ಲ. ನನ್ನ ಮಾರಿ ನೋಡಿ ನುಚ್ಚ ಚಲೋ ಇತ್ತು ಅಂದಿರಬೇಕು.”

ಬಾಗಿಲ ಬಳಿ ಕುಳಿತಿದ್ದ ಗುಮಾಸ್ತ ನಕ್ಕ. ನಾನೂ ನಗಬೇಕು ಎಂದು ಅವರು ಒಂದು ಕ್ಷಣ ಕಾದರು. ನಂತರ ಕನ್ನಡಕ ಹಾಕಿಕೊಂಡರು.

ಸಿಂಧನೂರಿನಲ್ಲಿ ಅವರ ಕಚೇರಿ ಬೀಜ ಗೊಬ್ಬರದ ಅಂಗಡಿಯ ಮೇಲಿದೆ. ಕೆಳಗಿನಿಂದ ಔಷಧಿಯ ವಾಸನೆ ಬರುತ್ತಿತ್ತು. ನಾನು ಲಿಂಗಸುಗೂರಿನಿಂದ ಅರ್ಧ ದಿನದ ರಜೆ ಹಾಕಿ ಬಂದಿದ್ದೆ. ನನ್ನ ಮಗಳು ಜವಳಗೇರಾದಲ್ಲಿ ನನ್ನ ಗಂಡನ ಅಣ್ಣ ಗುರುಬಸವನ ಮನೆಯಲ್ಲಿದ್ದಳು. ಅವಳಿಗೆ ಮೂರು ತುಂಬಿ ನಾಲ್ಕು ನಡೆಯುತ್ತಿತ್ತು. ಅವಳನ್ನು ನಾನು ಅವನ ಹೆಂಡತಿ ಶೇಖರಮ್ಮನಿಗೆ ದತ್ತಕ ಕೊಟ್ಟಿದ್ದೇನೆ ಎಂದು ಗುರುಬಸವ ಹೇಳುತ್ತಿದ್ದ. ಮಗಳನ್ನು ಕಳಿಸುವುದಿಲ್ಲ ಎಂದಿದ್ದ.

“ಕಾಯ್ದೆ ಇಷ್ಟ ಐತಿ,” ಎಂದರು ಹನುಮಂತರಾಯರು. “ಅಪ್ಪ ಸತ್ತ ಮ್ಯಾಲ ಹಡದಾಕೀನ ಪಾಲಕಿ. ಅದರಾಗೂ ಐದರೊಳಗಿನ ಕೂಸು ತಾಯಿ ಹಂತ್ಯಾಕ ಇರಬೇಕು. ಆದ್ರ ದತ್ತಕ ಆಗಿದ್ರ ಮುಗೀತು, ಅದನ್ನ ಹೊಳ್ಳಿ ತಗೊಳ್ಳಾಕ ಬರಂಗಿಲ್ಲ. ದತ್ತಕಕ್ಕ ಹೋಮ ಬ್ಯಾಡ, ಕಾಗದ ಬ್ಯಾಡ. ಒಬ್ರು ಕೊಡಬೇಕು, ಒಬ್ರು ತಗೋಬೇಕು. ಅದನ್ನ ನೀವು ಮಾಡೀರಿ.”

“ದತ್ತಕ ಅಂತ ಮಾಡಲಿಲ್ಲ ಸರ್.”

“ಅದನ್ನ ಕೋರ್ಟಿನಾಗ ಹೇಳ್ರಿ. ಕಟಕಟ್ಯಾಗ ನಿಂತು ನನ್ನ ಕೂಸು ಅನ್ರಿ. ಅಂತೀರೇನು?”

ನಾನು ತಲೆ ತಗ್ಗಿಸಿ ಚೀಲದ ಹಿಡಿಕೆ ಸರಿಪಡಿಸಿದೆ. ಅವರು ಅದನ್ನು ಗಮನಿಸಿದರು.

ನಮ್ಮ ಮೊದಲ ಮಗು ಏಳು ತಿಂಗಳಿಗೆ ಹುಟ್ಟಿತು, ಅಳಲಿಲ್ಲ. ಎರಡನೆಯದು ಪುರುಡು ಕಳೆಯುವ ಮೊದಲೇ ಹೋಯಿತು. ಎರಡನ್ನೂ ಕಾಲುವೆಯ ಆಚೆ ನಮ್ಮ ಹೊಲದ ಬದುವಿನಲ್ಲಿ ಮಣ್ಣು ಮಾಡಿದರು. ಮೂರನೆಯ ಸಲ ಹೊಟ್ಟೆಯಲ್ಲಿದ್ದಾಗಲೇ ಅತ್ತೆ ಯಮನೂರಮ್ಮ ಹೇಳಿದ್ದಳು, ಇದು ಹುಟ್ಟಿದ ಕೂಡಲೇ ಮಾರಿಬಿಡೋಣ ಎಂದು. ಒಂದು ಹೊಟ್ಟೆಯ ಕೂಸುಗಳ ರುಚಿ ಹತ್ತಿದ ಸಾವು ಮತ್ತೆ ಅದೇ ಹೊಟ್ಟೆಯನ್ನು ಹುಡುಕಿಕೊಂಡು ಬರುತ್ತದೆ. ಕೂಸು ಬೇರೆಯವರದಾದರೆ ಅದಕ್ಕೆ ಗುರುತು ಸಿಗುವುದಿಲ್ಲ. ಆ ಕಡೆ ಇದು ಹೊಸದೇನಲ್ಲ. ನನ್ನ ಗಂಡ ವೀರೇಂದ್ರನ ತಾತನನ್ನೂ ಹೀಗೆ ಮಾರಿದ್ದರಂತೆ.

ಜವಳಗೇರಾದ ಹೊಲಗಳಲ್ಲಿ ಭತ್ತ ಬಿಟ್ಟರೆ ಬೇರೆ ಇಲ್ಲ. ಮಾರಾಟಕ್ಕೆ ಜೋಳವೇ ಬೇಕು ಎಂದು ಅತ್ತೆ ಹಟ ಹಿಡಿದಳು. ಮಸ್ಕಿಯ ಒಣಭೂಮಿಯ ಕಡೆಯಿಂದ ಬಿಳಿಜೋಳ ತರಿಸಿದರು. ಮಗಳನ್ನು ಮೊದಲು ತಿಪ್ಪೆಯ ಅಂಚಿಗೆ ಮುಟ್ಟಿಸಿ, ಮೊರದಲ್ಲಿ ಮಲಗಿಸಿ ನನ್ನ ಕೈಗೆ ಕೊಟ್ಟರು. ಎದುರಿಗೆ ಶೇಖರಮ್ಮ ಸೆರಗು ಒಡ್ಡಿ ಕುಳಿತಿದ್ದಳು. ಮದುವೆಯಾಗಿ ಹನ್ನೆರಡು ವರ್ಷವಾಗಿದ್ದರೂ ಆಕೆಗೆ ಮಕ್ಕಳಿರಲಿಲ್ಲ. ನಾನು ಹೇಳಬೇಕಾದ ಮಾತನ್ನು ಅತ್ತೆ ಕಿವಿಯಲ್ಲಿ ಹೇಳಿಕೊಟ್ಟಳು. ವೀರೇಂದ್ರ ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿದ್ದ. ನಾನು ಹೇಳಿ, ಮಗುವನ್ನು ಶೇಖರಮ್ಮನ ಉಡಿಗೆ ಹಾಕಿದೆ. ಆಕೆ ನನಗೆ ಒಂದು ಸೇರು ಜೋಳ ಅಳೆದು ಕೊಟ್ಟಳು.

ಹೆಸರು ತಿಪ್ಪವ್ವ. ಜನನ ಪ್ರಮಾಣಪತ್ರದಲ್ಲಿ ಸುಕನ್ಯಾ ಎಂದಿದೆ, ಆದರೆ ಆ ಹೆಸರನ್ನು ಮನೆಯಲ್ಲಿ ಯಾರೂ ಕರೆಯುವಂತಿರಲಿಲ್ಲ. ಐದು ತುಂಬಿದ ಮೇಲೆ ಒಂದು ಸೋಮವಾರ ಎರಡು ಸೇರು ಜೋಳ ಹಾಕಿ ನಾನು ಅವಳನ್ನು ಹಿಂದಕ್ಕೆ ಕೊಳ್ಳಬೇಕು. ಅಲ್ಲಿಯವರೆಗೆ ಅವಳು ಶೇಖರಮ್ಮನ ಮಗಳು.

“ನೀ ಹಾಲು ಕುಡಸಾಕಿ, ಅಷ್ಟ,” ಎಂದಿದ್ದಳು ಅತ್ತೆ. “ಹೊಟ್ಟ್ಯಾಗಿನ ಪ್ರೀತಿ ಮಾರಿ ಮ್ಯಾಲ ತರಬ್ಯಾಡ. ಜ್ವಾಕಿ.”

ಎಲ್ಲರೂ ಒಂದೇ ಮನೆಯಲ್ಲಿದ್ದೆವು, ಹಾಗಾಗಿ ಅದು ಕಷ್ಟವೆನಿಸಲಿಲ್ಲ. ನಾನೇ ಹಾಲು ಕುಡಿಸಿದೆ, ನಾನೇ ನೀರು ಎರೆದೆ, ಲಸಿಕೆ ಹಾಕಿಸಿಕೊಂಡು ಬಂದೆ. ಯಾರಾದರೂ ಬಂದರೆ ಮಗುವನ್ನು ಶೇಖರಮ್ಮ ಎತ್ತಿಕೊಳ್ಳುತ್ತಿದ್ದಳು. ಮಾತು ಬಂದಾಗ ಮಗಳು ಅವಳನ್ನು ಅವ್ವ ಎಂದಳು. ನನ್ನ ಹೆಸರು ಶಿವಕುಮಾರಿ. ಅದು ಅವಳ ಬಾಯಲ್ಲಿ ಕುಮ್ಮಿ ಆಯಿತು. ವೀರೇಂದ್ರನಿಗೆ ಅದು ತಮಾಷೆ. “ಐದು ತುಂಬಿದ ಮ್ಯಾಲ ನಿನಗ ಪ್ರಮೋಶನ್ ಐತಿ ತಗೋ,” ಎನ್ನುತ್ತಿದ್ದ.

ಅವನು ಬಳಗಾನೂರಿನ ಹತ್ತಿರದ ಸರ್ಕಾರಿ ಶಾಲೆಯಲ್ಲಿ ಮಾಸ್ತರನಾಗಿದ್ದ. ಒಂದು ಸಂಜೆ ಬೈಕಿನಲ್ಲಿ ಬರುವಾಗ, ಭತ್ತ ತುಂಬಿ ರಸ್ತೆಯ ಮೇಲೆ ನಿಲ್ಲಿಸಿದ್ದ ಟ್ರ್ಯಾಕ್ಟರ್ ಟ್ರಾಲಿ ಅವನಿಗೆ ಕಾಣಲಿಲ್ಲ. ಅದಕ್ಕೆ ಹಿಂದೆ ದೀಪವಿರಲಿಲ್ಲ.

ಅನುಕಂಪದ ನೌಕರಿ ನನಗೆ ಬಂತು, ಲಿಂಗಸುಗೂರಿನ ಒಂದು ಕಚೇರಿಯಲ್ಲಿ ಗುಮಾಸ್ತೆಯ ಕೆಲಸ. ಅದಕ್ಕೆ ಅತ್ತೆಯ ಒಪ್ಪಿಗೆ ಬೇಕಿತ್ತು. ಆಕೆ ಹೆಬ್ಬೆಟ್ಟು ಒತ್ತಿದಳು. ಸತ್ತವನನ್ನು ನಂಬಿಕೊಂಡಿದ್ದ ತಾಯಿಯನ್ನು ಬದುಕಿರುವವರೆಗೂ ನೋಡಿಕೊಳ್ಳುತ್ತೇನೆ ಎಂದು ನಾನು ಬರೆದುಕೊಟ್ಟೆ. ತಿಂಗಳು ತಿಂಗಳು ಹಣ ಕಳಿಸುತ್ತ ಅದನ್ನು ಇವತ್ತಿಗೂ ಮಾಡುತ್ತಿದ್ದೇನೆ. ಮನೆ ಸಿಗುವವರೆಗೆ ಎಂದು ಮಗಳನ್ನು ಜವಳಗೇರಾದಲ್ಲೇ ಬಿಟ್ಟು ಹೋದೆ. ಮನೆ ಸಿಕ್ಕಿತು. ಪಕ್ಕದ ಮನೆಯ ರಹೀಮಾಬೀ ಹಗಲು ಮಗುವನ್ನು ನೋಡಿಕೊಳ್ಳಲು ಒಪ್ಪಿದಳು. ಒಂದು ಭಾನುವಾರ ಕರೆದುಕೊಂಡು ಬರಲು ಹೋದೆ.

ಗುರುಬಸವ ಅಂಗಳದಲ್ಲಿ ಪಂಪ್‌ಸೆಟ್ ಬಿಚ್ಚಿಕೊಂಡು ಕುಳಿತಿದ್ದ. ನನ್ನ ಕೈಯಲ್ಲಿದ್ದ ಖಾಲಿ ಚೀಲ ನೋಡಿದ.

“ಏನ್ ತುಂಬಾಕ ಬಂದಿ?”

“ತಿಪ್ಪವ್ವನ ಅರಿವಿ ಭಾವಾ. ಲಿಂಗಸುಗೂರಾಗ ಮನಿ ಹಿಡಿದೀನಿ. ಕರ್ಕೊಂಡು ಹೋಗ್ತೀನಿ.”

“ಯಾರ ಕೂಸನ್ನ?”

ಅವನು ಎಣ್ಣೆಯ ಕೈ ಒರೆಸಿಕೊಂಡು ಎದ್ದ.

“ಹಡದಾಕಿ ನೀ ಖರೆ, ಇಲ್ಲನ್ನಂಗಿಲ್ಲ. ಕೊಟ್ಟಾಕಿನೂ ನೀನ. ನನ್ನ ತಮ್ಮ ನಿಂತು ವಿಡಿಯೋ ಮಾಡ್ಯಾನ, ನನ್ನ ಫೋನಿನಾಗ ಐತಿ. ಅವನ ನೌಕರಿ ನಿನಗ ಬಂತು, ನಾವು ಬಾಯಿ ತೆಗದ್ವೇನು? ವಯಸ್ಸು ಸಣ್ಣದೈತಿ. ನಾಳೆ ಯಾವನರ ಕೈ ಹಿಡದ ಅಂದ್ರ ಈ ಕೂಸು ಅವನ ಮನ್ಯಾಗ ಎಂಜಲ ತಿನ್ನಬೇಕೇನು?”

“ಭಾವಾ, ಅದು ಮಾರಿದ್ದು. ಐದು ತುಂಬೋತನಕ ಅಂತ.”

“ದತ್ತಕ ಅಂತಾರ ಅದಕ್ಕ. ಓದಿದಾಕಿ ಅದೀ, ನಿನಗ ತಿಳೀಬೇಕು.”

ಒಳಗಿನಿಂದ ಅತ್ತೆ ಕೂಗಿದಳು. “ಐದು ತುಂಬ್ಲಿ ಬೇ ಶಿವಕುಮಾರಿ. ತುಂಬಿದ ಮ್ಯಾಲ ಜೋಳ ತಂದು ಹಾಕಿ ಒಯ್ಯಿ. ಯಾರು ಬ್ಯಾಡಂತಾರ?”

“ನೀ ಸುಮ್ಕ ಕುಂದರಬೇ ಯವ್ವ,” ಎಂದ ಗುರುಬಸವ.

ತಾಯಿ ಮಗನ ಲೆಕ್ಕ ಬೇರೆ ಬೇರೆ ಎಂದು ಆಗ ತಿಳಿಯಿತು. ಶೇಖರಮ್ಮ ಮಗಳನ್ನು ಸೊಂಟದ ಮೇಲಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಳು. ಮಗಳು ನನಗೆ ಕೈಯಲ್ಲಿದ್ದ ಮಂಡಕ್ಕಿ ತೋರಿಸಿದಳು. ನಾನು ಖಾಲಿ ಚೀಲ ಹಿಡಿದು ಬಸ್ಸಿಗೆ ಬಂದೆ.

ಇದನ್ನೆಲ್ಲ ಹನುಮಂತರಾಯರಿಗೆ ಹೇಳಿದೆ. ಐದು ತುಂಬುವವರೆಗೆ ಕಾದರೆ ಹೇಗೆ ಎಂದೂ ಕೇಳಿದೆ.

“ಕಾದ್ರ ಕೆಟ್ರಿ,” ಎಂದರು. “ಸಾಲಿಗೆ ಹಚ್ಚೋ ಮುಂದ ಅಪ್ಪ ಗುರುಬಸವ, ಅವ್ವ ಶೇಖರಮ್ಮ ಅಂತ ಬರೆಸ್ತಾನ. ಐದು ದಾಟಿದ ಕೂಸನ್ನ ಜಡ್ಜ್ ಸಾಹೇಬ್ರು ಯಾರ ಹಂತ್ಯಾಕ ಇರ್ತಿ ಪುಟ್ಟಿ ಅಂತ ಕೇಳ್ತಾರ. ಅದು ಯಾರ ಹೆಸರು ಹೇಳ್ತೈತಿ? ನಿಮ್ಮ ಅತ್ತಿ ಶಾಸ್ತ್ರದಾಗ ಐದರ ತನಕ ನಿಮ್ಮದಲ್ಲ. ಸರಕಾರದ ಶಾಸ್ತ್ರದಾಗ ಐದರ ತನಕ ನಿಮ್ಮದ. ಯಾವುದು ಬೇಕು ನೋಡ್ರಿ. ಎರಡೂ ಸಿಗಂಗಿಲ್ಲ.”

ಅರ್ಜಿಗೆ ಸಹಿ ಹಾಕಿದೆ.

ವಿಚಾರಣೆಯ ದಿನ ಗುರುಬಸವನ ವಕೀಲರು ಆ ವಿಡಿಯೋ ಹಾಕಿಸಿದರು. ನಾನು ಅದನ್ನು ವೀರೇಂದ್ರ ಸತ್ತ ಮೇಲೆ ನೋಡಿರಲಿಲ್ಲ. ಅದರಲ್ಲಿ ಅವನು ಕಾಣುವುದಿಲ್ಲ, ಅವನ ದನಿ ಮಾತ್ರ ಇದೆ. ನಾನು ಮೊದಲ ಸಲ ಹೇಳಿದಾಗ ಅವನು ನಗುತ್ತಾನೆ. “ಇನ್ನಷ್ಟು ಜೋರ ಅನ್ನು, ಯಮ ಕಿವುಡ ಅದಾನ,” ಎನ್ನುತ್ತಾನೆ. ನಾನು ಜೋರಾಗಿ ಹೇಳುತ್ತೇನೆ. ನಂತರ ಪರದೆಯ ಮೇಲೆ ಶೇಖರಮ್ಮನ ಸೆರಗು, ಅದರಲ್ಲಿ ಮಗು. ಅವರ ವಕೀಲರು ಇನ್ನೊಮ್ಮೆ ಹಾಕಿಸಿದರು.

ನ್ಯಾಯಾಧೀಶರು ಹೆಂಗಸು. ನನ್ನನ್ನು ಕೇಳಿದರು, “ನೀವು ಎಂ.ಎ. ಓದಿದ್ದೀರಿ. ಇದನ್ನೆಲ್ಲ ನಂಬುತ್ತೀರಾ?”

“ಗೊತ್ತಿಲ್ಲ ಮೇಡಂ.”

“ನಂಬದೆ ಯಾಕೆ ಮಾಡಿದಿರಿ?”

“ಎರಡು ಮಕ್ಕಳು ಹೋಗಿದ್ದವು.”

“ಈಗ ಹೇಳಿ. ಈ ಮಗು ಯಾರದು?”

ಅತ್ತೆ ಹಿಂದಿನ ಬೆಂಚಿನ ಮೇಲೆ ಕುಳಿತಿದ್ದಳು. ಎರಡೂ ಕಿವಿಗಳನ್ನು ಸೆರಗಿನಿಂದ ಮುಚ್ಚಿಕೊಂಡಳು.

“ನನ್ನದು,” ಎಂದೆ.

ಅದಾದ ಮೇಲೆ ಶೇಖರಮ್ಮನನ್ನು ಕರೆದರು. ಆಕೆಗೆ ಏನು ಹೇಳಬೇಕೆಂದು ಮನೆಯಲ್ಲಿ ಕಲಿಸಿಕೊಟ್ಟಿದ್ದರು ಎಂಬುದು ಅವರ ವಕೀಲರು ಪ್ರಶ್ನೆ ಕೇಳುವ ರೀತಿಯಲ್ಲೇ ಗೊತ್ತಾಗುತ್ತಿತ್ತು. ಕೂಸನ್ನು ದತ್ತಕ ತೆಗೆದುಕೊಂಡಿರಿ, ಹೌದಲ್ಲ ಎಂದು ಅವರು ಕೇಳಿದರು. ಶೇಖರಮ್ಮ ಕಟಕಟೆಯ ಅಂಚನ್ನು ಬೆರಳಿನಿಂದ ಉಜ್ಜುತ್ತ ನಿಂತಳು.

“ತಗೊಂಡೆ ರೀ.”

“ದತ್ತಕ?”

“ದತ್ತಕ ಅಂಬೋ ಮಾತು ಅವತ್ತು ಯಾರ ಬಾಯಾಗೂ ಬಂದಿದ್ದಿಲ್ಲ ರೀ. ಐದು ತುಂಬೋತನಕ ಇಟ್ಕೋ ಅಂದಿದ್ರು. ನಾ ಜೋಳ ಕೊಟ್ಟೆ. ಜೋಳ ಕೊಟ್ಟು ಯಾರು ದತ್ತಕ ತಗೊಂತಾರ್ರಿ?”

ಅವರ ವಕೀಲರು ಕುಳಿತರು. ಹನುಮಂತರಾಯರು ಎದ್ದು, ತಮ್ಮ ಕಡೆಯಿಂದ ಪ್ರಶ್ನೆಗಳಿಲ್ಲ ಎಂದರು. ಗುರುಬಸವ ಹೆಂಡತಿಯನ್ನು ನೋಡಲೂ ಇಲ್ಲ, ಎದ್ದು ಹೊರಗೆ ಹೋದ.

ಮಗುವನ್ನು ತಾಯಿಗೆ ಒಪ್ಪಿಸಬೇಕೆಂದು ಆದೇಶವಾಯಿತು. ಒಪ್ಪಿಸುವ ದಿನ ನ್ಯಾಯಾಲಯದ ಬೇವಿನ ಮರದ ಕೆಳಗೆ ಶೇಖರಮ್ಮ ಮಗಳನ್ನು ಕೆಳಗಿಳಿಸಿ, ಅವಳ ಕೈಯನ್ನು ನನ್ನ ಕೈಯಲ್ಲಿಟ್ಟಳು. ಬಟ್ಟೆಯ ಗಂಟು ಕೊಟ್ಟಳು. “ಮಜ್ಜಿಗಿ ಅನ್ನ ತಿಂತಾಳ. ಸಾರು ಖಾರ ಮಾಡಬ್ಯಾಡ,” ಎಂದಳು. ಹಾಲು ಕುಡಿಸಿದ ನನಗೆ ಅದು ಗೊತ್ತಿತ್ತು. ಆದರೂ ಹೂಂ ಎಂದೆ.

ಅತ್ತೆ ಬೈಯುತ್ತಾಳೆ ಎಂದುಕೊಂಡಿದ್ದೆ. ಆಕೆ ಹತ್ತಿರ ಬಂದು ಸಣ್ಣ ದನಿಯಲ್ಲಿ ಕೇಳಿದಳು. “ಎರಡು ಕೂಸು ಮಣ್ಣಿಗಿ ಇಟ್ಟಾಗ ನಿನ್ನ ಕಾಯ್ದೆ ಎಲ್ಲಿತ್ತು ಬೇ? ಈಗ ಬಾಯಿಬಿಟ್ಟು ನನ್ನದು ಅಂದಿ. ನನಗ ಕೇಳಿಸ್ಲಿಲ್ಲ, ನಾ ಕಿವಿ ಮುಚ್ಚಿದ್ದೆ. ಕೇಳಬೇಕಾದವನಿಗೆ ಕೇಳಸ್ತು.”

“ಅತ್ತೀ, ನೀವೂ ಬರ್ರಿ ನನ್ನ ಕೂಡ. ನೋಡ್ಕೊಂತೀನಿ.”

“ನಾ ಬಂದು ಅದನ್ನ ಕಣ್ಣಲೆ ನೋಡ್ಲೇನು?”

ಬಸ್ಸಿನಲ್ಲಿ ಮಗಳು ಮಸ್ಕಿಯವರೆಗೂ ಕಿಟಕಿಯ ಹೊರಗೆ ನೋಡುತ್ತಿದ್ದಳು. ಮಸ್ಕಿಯ ಗುಡ್ಡ ಕಂಡಾಗ, “ಅವ್ವ ಹಿಂದಿನ ಬಸ್ಸಿಗೆ ಬರ್ತಾಳೇನು ಕುಮ್ಮಿ?” ಎಂದಳು. ಇಲ್ಲ ಎಂದೆ. ಲಿಂಗಸುಗೂರು ಮುಟ್ಟುವವರೆಗೂ ಅಳುತ್ತಲೇ ಇದ್ದಳು. ಅವಳನ್ನು ಸುಕನ್ಯಾ ಎಂದು ಕರೆದರೆ ತಿರುಗಿ ನೋಡುತ್ತಿರಲಿಲ್ಲ. ರಹೀಮಾಬೀ ಮಾತ್ರ ಅವಳನ್ನು ಬೇಟಾ ಎನ್ನುತ್ತಿದ್ದಳು. ಆ ಹೆಸರಿಗೆ ಓಗೊಡುವುದನ್ನು ಬೇಗ ಕಲಿತಳು. ಸ್ವಲ್ಪ ಸ್ವಲ್ಪವಾಗಿ ಊಟ ಮಾಡತೊಡಗಿದಳು. ನಾನು ಕಚೇರಿಯಿಂದ ಬರುವ ಹೊತ್ತಿಗೆ ಹೊಸ್ತಿಲ ಮೇಲೆ ಕುಳಿತಿರುತ್ತಿದ್ದಳು.

ಮಳೆಗಾಲದ ಕೊನೆಯಲ್ಲಿ ಅವಳಿಗೆ ಜ್ವರ ಬಂತು. ಆ ಓಣಿಯಲ್ಲಿ ಆಗ ಬಹಳ ಮನೆಗಳಲ್ಲಿ ಜ್ವರವಿತ್ತು. ಮೊದಲು ಗುಳಿಗೆ ಕೊಟ್ಟರು. ಜ್ವರ ಇಳಿದು ಮತ್ತೆ ಏರಿತು, ಮೈಮೇಲೆ ಕೆಂಪು ಚುಕ್ಕೆಗಳು ಎದ್ದವು. ರಕ್ತ ನೋಡಿ ಡೆಂಗ್ಯೂ ಎಂದರು. ಮಕ್ಕಳ ಆಸ್ಪತ್ರೆಗೆ ಸೇರಿಸಿದೆ. ಸಲಾಯಿನ್ ಹಚ್ಚಿದ ಕೈಯನ್ನು ನಾನು ಹಿಡಿದುಕೊಂಡಿರುತ್ತಿದ್ದೆ. ಅವಳು ಕಣ್ಣು ತೆರೆಯದೆ ಅವ್ವ, ಅವ್ವ ಎನ್ನುತ್ತಿದ್ದಳು. ನಾನು ಇಲ್ಲಿದ್ದೀನಿ ಎಂದರೆ ತಲೆ ಅಲ್ಲಾಡಿಸುತ್ತಿದ್ದಳು.

ನಾನು ಶೇಖರಮ್ಮನಿಗೆ ಫೋನ್ ಮಾಡಿದೆ.

ಮರುದಿನ ಮಧ್ಯಾಹ್ನ ಆಕೆ ಮತ್ತು ಅತ್ತೆ ಬಂದರು. ಆಗಲೇ ಪ್ಲೇಟ್‌ಲೆಟ್ ಮತ್ತೂ ಕಡಿಮೆಯಾಗಿ, ಮಗಳನ್ನು ಒಳಗಿನ ಐಸಿಯು ಕೋಣೆಗೆ ಒಯ್ಯುತ್ತಿದ್ದರು. ನನಗೆ ಏನನ್ನೂ ಹೇಳಲು ಬಿಡದೆ ಅತ್ತೆ ನನ್ನ ಮುಂದೆ ಬಗ್ಗಿದಳು. ಮೊಣಕಾಲಿನ ನೋವಿನಿಂದ ಪೂರ್ತಿ ಬಗ್ಗಲಾಗಲಿಲ್ಲ. ಗೋಡೆ ಹಿಡಿದುಕೊಂಡೇ ನನ್ನ ಪಾದಕ್ಕೆ ಕೈ ಚಾಚಿದಳು.

“ನನ್ನ ವೀರೇಂದ್ರನ ಕುಡಿ ಅದೊಂದ ಉಳದೈತಿ. ನಿನ್ನ ಕಾಲು ಬೀಳ್ತೀನಿ. ಇವತ್ತ ನೀ ಅಲ್ಲ ಅನ್ನು. ಬಾಯಿಲೆ ಅನ್ನು ಸಾಕು.”

“ಏಳ್ರಿ ಅತ್ತೀ. ಮಂದಿ ನೋಡಾಕತ್ತಾರ.”

“ನೋಡ್ಲಿ.”

ನರ್ಸ್ ಬಾಗಿಲು ಅರ್ಧ ತೆರೆದು ತಲೆ ಹೊರಗೆ ಹಾಕಿದಳು. “ಒಬ್ಬರ ಒಳಗ ಇರಬೇಕ್ರಿ. ತಾಯಿ ಯಾರದೀರಿ? ಜಲ್ದಿ ಬರ್ರಿ.”

ಮಗಳಿಗೆ ಕೊಡುತ್ತಿದ್ದ ಔಷಧಿಗಳ ಹೆಸರು ನನಗೆ ಬಾಯಿಪಾಠವಾಗಿತ್ತು. ರೋಗ ಸೊಳ್ಳೆಯಿಂದ ಬಂತು ಎಂಬುದು ಗೊತ್ತಿತ್ತು. ಓಣಿಯ ಚರಂಡಿಯ ಬಗ್ಗೆ ಪುರಸಭೆಗೆ ನಾನೇ ಅರ್ಜಿ ಬರೆದಿದ್ದೆ. ನನ್ನ ಚೀಲದಲ್ಲಿ ನ್ಯಾಯಾಲಯದ ಆದೇಶದ ನಕಲಿತ್ತು.

“ಇವರು,” ಎಂದು ಶೇಖರಮ್ಮನನ್ನು ತೋರಿಸಿದೆ.

“ಬೆಳಿಗ್ಗಿಂದ ನೀವ ಇದ್ರಲ್ಲ?”

“ನಾನು ನೋಡ್ಕೊಳ್ಳಾಕಿ.”

ಶೇಖರಮ್ಮ ನನ್ನ ಮುಖ ನೋಡಿದಳು. ನಾನು ಅವಳ ಬೆನ್ನಿಗೆ ಕೈಯಿಟ್ಟು ಮುಂದೆ ತಳ್ಳಿದೆ. ನರ್ಸ್ ಹೆಸರು ಕೇಳಿದಳು, ತಾಯಿ ಎಂಬಲ್ಲಿ ಬರೆದುಕೊಂಡಳು. ಹಸಿರು ನಿಲುವಂಗಿ ಕೊಟ್ಟಳು. ಬಾಗಿಲು ಮುಚ್ಚಿತು.

ನಾನು ಮತ್ತು ಅತ್ತೆ ಹೊರಗಿನ ಬೆಂಚಿನ ಮೇಲೆ ಇದ್ದೆವು. ನಾನು ಔಷಧಿ ತಂದುಕೊಡುತ್ತಿದ್ದೆ, ರಹೀಮಾಬೀ ರೊಟ್ಟಿ ಕಳಿಸುತ್ತಿದ್ದಳು. ಒಳಗೆ ಹೋಗುತ್ತೀಯಾ ಎಂದು ಶೇಖರಮ್ಮ ಒಮ್ಮೆ ಬಂದು ಕೇಳಿದಳು. ಬೇಡ ಎಂದೆ. ಅತ್ತೆ ನನ್ನ ಕೈಯನ್ನು ತನ್ನ ಕೈಯಲ್ಲಿ ಇಟ್ಟುಕೊಂಡಳು. ಮದುವೆಯಾದ ಮೇಲೆ ಆಕೆ ಹಾಗೆ ಮಾಡಿದ್ದು ಅದೇ ಮೊದಲು.

ಮಗಳು ಚೇತರಿಸಿಕೊಂಡಳು. ಸರಿಯಾದ ಹೊತ್ತಿಗೆ ಕರೆತಂದಿರಿ ಎಂದರು ವೈದ್ಯರು. ಅತ್ತೆಗೆ ಬೇರೆ ಕಾರಣ ಗೊತ್ತಿತ್ತು. ನಾನು ಇಬ್ಬರಿಗೂ ಹೌದು ಎಂದೆ.

ಮನೆಗೆ ಕಳಿಸುವ ದಿನ ಗುರುಬಸವ ಬಾಡಿಗೆ ಕಾರು ತಂದ. ನಾನು ಕೊಡುವ ಮೊದಲೇ ಬಿಲ್ಲಿನ ಹಣ ಕೊಟ್ಟಿದ್ದ. ಆಸ್ಪತ್ರೆಯ ಕಾಗದವನ್ನು ನಿಂತು ಪೂರ್ತಿ ಓದಿ, ಮಡಚಿ ಅಂಗಿಯ ಕಿಸೆಯಲ್ಲಿಟ್ಟುಕೊಂಡ.

“ಇನ್ನ ನೀನ ಹೇಳು. ಎಲ್ಲಿಗಿ?” ಎಂದ.

ಅತ್ತೆ ನನ್ನ ಕಡೆ ನೋಡುತ್ತಿದ್ದಳು. ಶೇಖರಮ್ಮ ನೆಲ ನೋಡುತ್ತಿದ್ದಳು. ಶೇಖರಮ್ಮನನ್ನು ಲಿಂಗಸುಗೂರಿನಲ್ಲೇ ಬಿಡಿ, ಇಬ್ಬರೂ ಕೂಡಿ ನೋಡಿಕೊಳ್ಳುತ್ತೇವೆ ಎಂದೆ.

“ನನ್ನ ಹೇಂತಿ ನಿನ್ನ ಮನ್ಯಾಗ ಆಳಿರಬೇಕೇನು?”

ಆಗ ಹನುಮಂತರಾಯರ ಫೋನ್ ಬಂತು. ಹಿಂದಿನ ದಿನ ನಾನೇ ಅವರಿಗೆ ಎಲ್ಲ ಹೇಳಿದ್ದೆ. ನಾನು ಗೇಟಿನ ಆಚೆ ಹೋಗಿ ಮಾತಾಡಿದೆ.

“ಕಳಿಸಬ್ಯಾಡ್ರಿ ತಂಗಿ. ಅಂವ ಅಪೀಲು ಹಾಕ್ಯಾನ. ಆಸ್ಪತ್ರಿ ಕಾಗದ ಒಂದ ಸಾಕು ಅವಗ. ಕೋರ್ಟು ಕೊಟ್ಟಿದ್ದನ್ನ ನೀವ ಹೊಳ್ಳಿ ಕೊಟ್ರ ಮುಂದಿನ ಸಲ ಯಾವ ಜಡ್ಜ್ ನಿಮ್ಮ ಮಾತು ಕೇಳ್ತಾರ?”

“ಗೊತ್ತು ಸರ್.”

“ಗೊತ್ತಿದ್ದೂ?”

“ಇನ್ನೊಮ್ಮೆ ಜ್ವರ ಬಂದ್ರ ಏನ್ಮಾಡ್ಲಿ ಸರ್?”

ಅವರು ಗುಮಾಸ್ತನಿಗೆ ನನ್ನ ಫೈಲು ತೆಗೆಯಲು ಹೇಳಿದ್ದು ಕೇಳಿಸಿತು. ನಂತರ ಫೋನ್ ಇಟ್ಟರು.

ನಾನು ಹಿಂದಕ್ಕೆ ಬರುವಷ್ಟರಲ್ಲಿ ಮಗಳನ್ನು ಕಾರಿನಲ್ಲಿ ಶೇಖರಮ್ಮನ ತೊಡೆಯ ಮೇಲೆ ಮಲಗಿಸಿದ್ದರು. ಔಷಧಿಯ ಚೀಲ ನನ್ನ ಕೈಯಲ್ಲೇ ಉಳಿದಿತ್ತು. ಕಿಟಕಿಯಿಂದ ಒಳಗೆ ಕೊಟ್ಟೆ.

“ಕೆಂಪು ಬಾಟ್ಲಿದು ಉಂಡ ಮ್ಯಾಲ ಕೊಡ್ರಿ ಅಕ್ಕಾ. ಖಾಲಿ ಹೊಟ್ಟ್ಯಾಗ ಬ್ಯಾಡ, ವಾಂತಿ ಮಾಡ್ಕೊಂತಾಳ. ಸೊಳ್ಳಿ ಪರದೆ ಕಟ್ರಿ. ಎರಡು ದಿನ ಬಿಟ್ಟು ಸಿಂಧನೂರಾಗ ರಕ್ತ ತೋರಸ್ರಿ.”

“ಆತು,” ಎಂದಳು ಶೇಖರಮ್ಮ. ಅವಳ ಕಣ್ಣು ತುಂಬಿತ್ತು. “ಐದು ತುಂಬಿದ ದಿನ ಬಾ ಶಿವಕುಮಾರಿ. ನಾ ಬಾಗಲಾಗ ನಿಂತಿರ್ತೀನಿ.”

ಮುಂದಿನ ಸೀಟಿನಲ್ಲಿದ್ದ ಗುರುಬಸವ ಹೋಗೋಣ ಎಂದು ಡ್ರೈವರನ ಭುಜ ತಟ್ಟಿದ.

“ಕುಮ್ಮಿ, ನೀ ಬರಂಗಿಲ್ಲೇನು?” ಎಂದಳು ಮಗಳು.

“ಆಫೀಸೈತಿ,” ಎಂದೆ.

ಕಾರು ಮಸ್ಕಿಯ ರಸ್ತೆಗೆ ತಿರುಗಿತು. ನಾನು ಅರ್ಧ ದಿನದ ರಜೆಯಷ್ಟೇ ಕೇಳಿದ್ದೆ. ಆಟೋ ಹಿಡಿದು ಕಚೇರಿಗೆ ಹೋದೆ.